ಲ್ಯಾಟಿನೊ ಸಮುದಾಯಗಳ ದೀರ್ಘಕಾಲಿಕ ಕಾಯಿಲೆಗಳ ಸಂಶೋಧನೆ: ಹೊಸಬರಿಗೆ ಮೊದಲ 18 ತಿಂಗಳು ಏನು ಕೊಡಬೇಕು?

ತುಂಗಾತೀರ
ಅಮೆರಿಕದಲ್ಲಿ ಎಪಿಡೆಮಿಯಾಲಜಿ, ಬಯೋಸ್ಟ್ಯಾಟ್, ಸಾರ್ವಜನಿಕ ಆರೋಗ್ಯದ ಕಡೆ ಇರೋ ಕನ್ನಡದವರಿಗೆ ಪ್ರಶ್ನೆ. ವಿಭಾಗಕ್ಕೆ ಮೂವರು ಹೊಸಬರು ಸೇರ್ತಿದ್ದಾರೆ: ಇಬ್ಬರು ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿದ ಸಂಶೋಧಕರು), ಒಬ್ಬರು ಫೆಲೋಶಿಪ್ ಮುಗಿಸಿದ ವೈದ್ಯೆ. ಮೂವರದ್ದೂ ಒಂದೇ ದಿಕ್ಕು. ಲ್ಯಾಟಿನೊ ಸಮುದಾಯಗಳಲ್ಲಿ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಫ್ಯಾಟಿ ಲಿವರ್ ಯಾರಿಗೆ ಹೆಚ್ಚು, ಯಾಕೆ ಹೆಚ್ಚು. ಅವರಿಗೊಂದು ಬೆಂಬಲ ಯೋಜನೆ ಬರೆಯಬೇಕು.

ಈಗಿನ ಕರಡಲ್ಲಿರೋದು ಇಷ್ಟು: ತಿಂಗಳಿಗೊಂದು ಮೆಂಟರಿಂಗ್ ಸೆಮಿನಾರ್, ಒಂದು ಗ್ರ್ಯಾಂಟ್ ಬರವಣಿಗೆ ಕಾರ್ಯಾಗಾರ, ವರ್ಷಕ್ಕೊಂದು ಸಮ್ಮೇಳನದ ಖರ್ಚು. ಊಟಕ್ಕೆ ಕೂರಿಸಿ ಬರೀ ಪನ್ನೀರು ಚಿಮುಕಿಸಿ ಕಳಿಸಿದ ಹಾಗಿದೆ. ಪೈಲಟ್‌ಗೆ (ಸಣ್ಣ ಪ್ರಾಯೋಗಿಕ ಅಧ್ಯಯನಕ್ಕೆ) ತಲಾ 25,000 ಡಾಲರ್ ಸಿಗೋ ಸಾಧ್ಯತೆ ಇದೆ. ನಿಜಕ್ಕೂ ಉಪಯೋಗಕ್ಕೆ ಬರೋದು ಏನು?

ಅಂಕಿಸಂಕಿ
ಸೆಮಿನಾರ್ ಅಳಿಸಿ, ಆ ಜಾಗದಲ್ಲಿ "ಡೇಟಾ" ಅಂತ ಬರೀರಿ. ಹೊಸಬರ ಮೊದಲ ವರ್ಷ ಹಾಳಾಗೋದು ಬುದ್ಧಿ ಸಾಲದೆ ಅಲ್ಲ, ಡೇಟಾ ಕೈಗೆ ಬಾರದೆ.

ಈ ಕ್ಷೇತ್ರದ ದೊಡ್ಡ ಗಣಿ ಹಿಸ್ಪ್ಯಾನಿಕ್ ಕಮ್ಯುನಿಟಿ ಹೆಲ್ತ್ ಸ್ಟಡಿ, ಎಲ್ಲರೂ ಸೋಲ್ ಅಂತಾರೆ. 2008ರಿಂದ 2011ರ ನಡುವೆ ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯೇಗೊ ನಾಲ್ಕು ಊರುಗಳಲ್ಲಿ 18ರಿಂದ 74 ವಯಸ್ಸಿನ 16,415 ಜನರನ್ನ ಸೇರಿಸಿಕೊಂಡ್ರು. ಆಮೇಲೆ ಮತ್ತೆ ಕರೆಸಿ ಪರೀಕ್ಷೆ ಮಾಡಿದ್ದೂ ಇದೆ. ಅದನ್ನ ಮುಟ್ಟೋಕೆ ಎರಡು ದಾರಿ. ಒಂದು, ಬಯೋಲಿಂಕ್ ಭಂಡಾರದಿಂದ ಅರ್ಜಿ ಹಾಕಿ ತಗೊಳ್ಳೋದು. ಇದಕ್ಕೆ ಐಆರ್‌ಬಿ (ಸಂಶೋಧನೆಯ ನೈತಿಕ ಸಮಿತಿ) ಪತ್ರ ಬೇಕು, ಡೇಟಾ ಒಪ್ಪಂದಕ್ಕೆ ವಿಶ್ವವಿದ್ಯಾಲಯದ ಅಧಿಕೃತ ಸಹಿ ಬೇಕು. ಇನ್ನೊಂದು, ಸೋಲ್‌ನ ಒಳಗಿನ ಸಂಶೋಧಕರೊಬ್ಬರನ್ನ ಜೊತೆ ಮಾಡ್ಕೊಂಡು ಪ್ರಬಂಧದ ಪ್ರಸ್ತಾವ ಕೊಡೋದು. ಅವರ ಪ್ರಕಟಣಾ ಸಮಿತಿ ಈಗಾಗಲೇ ಒಪ್ಪಿದ ವಿಷಯಕ್ಕೆ ಡಿಕ್ಕಿ ಹೊಡೆಯುತ್ತಾ ಅಂತ ನೋಡುತ್ತೆ, ಹಾಗಾಗಿ ಮೊದಲು ಆ ಪಟ್ಟಿ ಓದಿ ಆಮೇಲೆ ವಿಷಯ ಆರಿಸಬೇಕು. ಹೊಸಬರು ಉಲ್ಟಾ ಮಾಡ್ತಾರೆ.

ಎರಡೂ ದಾರಿಯಲ್ಲಿ ತಿಂಗಳು ನುಂಗೋದು ಸಹಿ. ಹೊಸಬರು ಬರೋಕೆ ಮುಂಚೆಯೇ ಮೆಂಟರ್ ಹೆಸರಲ್ಲಿ ಅರ್ಜಿ ಹೋಗಿರಲಿ, ಬಂದ ಮೇಲೆ ಅವರ ಹೆಸರು ಸೇರಿಸೋದು.

ಬೆಂದಕಾಳು
ಹೆಸರೇ ಸೋಲು. ಶಕುನ ಸರಿಯಿಲ್ಲ 😀

ಅಂಕಿಸಂಕಿ
ಸ್ಪ್ಯಾನಿಷ್‌ನಲ್ಲಿ ಸೋಲ್ ಅಂದ್ರೆ ಸೂರ್ಯ ಮಾರಾಯ.

ಸಂಶಯಪಿಶಾಚಿ
ಇಷ್ಟೆಲ್ಲ ಯಾಕೆ? ಎನ್‌ಹೇನ್ಸ್ (ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆ) ಡೇಟಾ ಪುಕ್ಕಟೆ, ಸಹಿ ಇಲ್ಲ, ಸಮಿತಿ ಇಲ್ಲ, ಇವತ್ತು ಸಂಜೆಯೇ ಇಳಿಸ್ಕೊಳ್ಳಬಹುದು. ಮೊದಲ ಪೇಪರ್ ಅದರಲ್ಲೇ ಬರೀಲಿ.

ಅಂಕಿಸಂಕಿ
ಕೈ ಪಳಗಿಸೋಕೆ ಸರಿ, ಈ ಪ್ರಶ್ನೆಗೆ ಸಾಲದು. ಅದರ ಸಾರ್ವಜನಿಕ ಫೈಲಲ್ಲಿ "ಮೆಕ್ಸಿಕನ್ ಅಮೆರಿಕನ್", "ಇತರ ಹಿಸ್ಪ್ಯಾನಿಕ್" ಎರಡೇ ಡಬ್ಬ. ಕ್ಯೂಬಾ, ಪೋರ್ಟೊ ರಿಕೊ, ಡೊಮಿನಿಕನ್, ಕೊಲಂಬಿಯಾ ಎಲ್ಲ ಎರಡನೇ ಡಬ್ಬಕ್ಕೆ. ಸೋಲ್‌ನಿಂದ 2014ರಲ್ಲಿ ಬಂದ ಲೆಕ್ಕ ನೋಡಿ: ಒಟ್ಟಾರೆ ಸಕ್ಕರೆ ಕಾಯಿಲೆ ಶೇ 16.9. ಬಿಡಿಸಿದರೆ ದಕ್ಷಿಣ ಅಮೆರಿಕ ಮೂಲದವರಲ್ಲಿ ಶೇ 10.2, ಕ್ಯೂಬನ್ 13.4, ಮಧ್ಯ ಅಮೆರಿಕ 17.7, ಡೊಮಿನಿಕನ್ ಮತ್ತು ಪೋರ್ಟೊ ರಿಕನ್ ಸುಮಾರು 18, ಮೆಕ್ಸಿಕನ್ 18.3. 10ಕ್ಕೂ 18ಕ್ಕೂ ಇರೋ ಅಂತರವೇ ಇವರ ಸಂಶೋಧನಾ ವಿಷಯ. ಅದನ್ನ ಒಂದೇ ಡಬ್ಬಕ್ಕೆ ಸುರಿದು "ಲ್ಯಾಟಿನೊಗಳಲ್ಲಿ ಇಷ್ಟು" ಅಂದ್ರೆ ಕೇಳಿದ ಪ್ರಶ್ನೆಯನ್ನೇ ಅಳಿಸಿದ ಹಾಗೆ.

ಹೇಮಾವತಿ
ಒಪ್ಪಿದೆ. ಆದರೆ ಆ ಕೋಷ್ಟಕ ಓದುವಾಗ ಒಂದು ಗುಂಡಿ ಇದೆ. ಕ್ಯೂಬನ್ನರು ಹೆಚ್ಚುಕಮ್ಮಿ ಎಲ್ಲರೂ ಮಯಾಮಿಯಲ್ಲಿ, ಡೊಮಿನಿಕನ್ನರು ಬ್ರಾಂಕ್ಸ್‌ನಲ್ಲಿ. ಮೆಕ್ಸಿಕನ್ನರು ಸ್ಯಾನ್ ಡಿಯೇಗೊ ಮತ್ತು ಶಿಕಾಗೊ. ಮೂಲಕ್ಕೂ ಊರಿಗೂ ಗಂಟು ಬಿದ್ದಿದೆ. ಡೊಮಿನಿಕನ್ನರಲ್ಲಿ ಏನೋ ಹೆಚ್ಚು ಕಂಡರೆ ಅದು ಡೊಮಿನಿಕನ್ ಗುಣವೋ ಬ್ರಾಂಕ್ಸ್ ಗುಣವೋ ಹೇಳೋಕಾಗಲ್ಲ. ಎರಡನ್ನೂ ಮಾಡೆಲಿಗೆ ಹಾಕಿದ್ರೆ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆ) ಊದಿಕೊಳ್ಳುತ್ತೆ, ಹೊಸಬರು ಹೆದರಿ ಊರನ್ನ ತೆಗೆದುಬಿಡ್ತಾರೆ. ಬದಲಿಗೆ ಮೂಲ ಮತ್ತು ಊರು ಸೇರಿಸಿ ಒಂದೇ ಜೋಡಿ ಚರ ಮಾಡಿ: ಬ್ರಾಂಕ್ಸ್ ಪೋರ್ಟೊ ರಿಕನ್, ಶಿಕಾಗೊ ಪೋರ್ಟೊ ರಿಕನ್, ಹೀಗೆ. ಒಂದೇ ಮೂಲದವರು ಎರಡು ಊರಲ್ಲಿ ಇರೋ ಕಡೆ ಹೋಲಿಕೆಗೆ ಅರ್ಥ ಬರುತ್ತೆ. ಇಲ್ಲದ ಕಡೆ "ಹೋಲಿಸಲಾಗದು" ಅಂತ ಬರೆದರೆ ಸಾಕು, ವಿಮರ್ಶಕರು ಬೈಯಲ್ಲ.

ಅಂಕಿಸಂಕಿ
ತಪ್ಪುಗಳ ಪಟ್ಟಿ ಶುರುವಾಗಿದೆ, ನಂದೂ ಸೇರಿಸ್ತೀನಿ.

ಸೋಲ್ ಸ್ಯಾಂಪಲ್ ಸರಳ ಅಲ್ಲ. ಮೊದಲು ಬ್ಲಾಕ್ ಗುಂಪು (ಜನಗಣತಿಯ ಸಣ್ಣ ಪ್ರದೇಶ), ಆಮೇಲೆ ಮನೆ, ಆಮೇಲೆ ಮನುಷ್ಯ. 45 ದಾಟಿದವರನ್ನ ಬೇಕಂತಲೇ ಹೆಚ್ಚು ತಗೊಂಡಿದ್ದಾರೆ. ವೇಟ್ (ಒಬ್ಬೊಬ್ಬರು ಎಷ್ಟು ಜನರ ಪ್ರತಿನಿಧಿ ಅನ್ನೋದು), ಸ್ಟ್ರಾಟಾ (ಆರಿಸೋ ಮುಂಚೆ ಮಾಡಿದ ವಿಭಾಗಗಳು), ಪಿಎಸ್‌ಯು (ಮೊದಲು ಆರಿಸಿದ ಗುಂಪು) ಮೂರನ್ನೂ ಕೊಡದೆ ಓಡಿಸಿದ ಲೆಕ್ಕಕ್ಕೆ ಬೆಲೆ ಇಲ್ಲ. ಮಹಿಳೆಯರು ಮಾತ್ರ ಬೇಕು ಅಂತ ಗಂಡಸರ ಸಾಲುಗಳನ್ನ ಅಳಿಸಬಾರದು, ಪೂರ್ತಿ ಡೇಟಾ ಮೇಲೆ ಡಿಸೈನ್ ಕಟ್ಟಿ ಆಮೇಲೆ ಸಬ್‌ಸೆಟ್ ತೆಗೀಬೇಕು. ಮೊದಲೇ ಅಳಿಸಿದ್ರೆ ಕೆಲವು ಸ್ಟ್ರಾಟಾದಲ್ಲಿ ಒಂಟಿ ಪಿಎಸ್‌ಯು ಉಳಿದು ವೇರಿಯನ್ಸ್ ಕೆಡುತ್ತೆ, ಆರ್ (ಲೆಕ್ಕದ ಸಾಫ್ಟ್‌ವೇರ್) ನಿಂತು ಕಿರುಚುತ್ತೆ.

ಎರಡನೇದು ವಲಸೆ. ವಯಸ್ಸು, ಅಮೆರಿಕಕ್ಕೆ ಬಂದಾಗಿನ ವಯಸ್ಸು, ಇಲ್ಲಿದ್ದ ವರ್ಷಗಳು, ಈ ಮೂರನ್ನೂ ಒಟ್ಟಿಗೆ ಮಾಡೆಲಿಗೆ ಹಾಕ್ತಾರೆ. ಮೊದಲನೇದು ಉಳಿದೆರಡರ ಮೊತ್ತ! ಸಾಫ್ಟ್‌ವೇರ್ ಒಂದನ್ನ ಸದ್ದಿಲ್ಲದೆ ಬಿಸಾಕುತ್ತೆ. ಉಳಿದ ಸಂಖ್ಯೆ ನೋಡಿಕೊಂಡು ಎರಡು ಪುಟ ವ್ಯಾಖ್ಯಾನ ಬರೀತಾರೆ.

ಮೂರನೇದು ಸ್ಯಾಂಪಲ್ ಗಾತ್ರ. ಕೊನೆಗೆ 200 ಜನ ಉಳೀಬೇಕು, ಶೇ 20 ಬಿಟ್ಟು ಹೋಗ್ತಾರೆ ಅಂದ್ರೆ ಸೇರಿಸಬೇಕಾದ್ದು 240 ಅಲ್ಲ, 250. 200ನ್ನ 0.8ರಿಂದ ಭಾಗಿಸಿ. ಚರ್ಚ್ ಚರ್ಚ್‌ಗೆ ಹೋಗಿ ಗುಂಪಾಗಿ ಸೇರಿಸಿದ್ರೆ ಇನ್ನೊಂದು ಹೊಡೆತ: 10 ಚರ್ಚ್, ತಲಾ 20 ಜನ, ಒಳಸಂಬಂಧ (ಒಂದೇ ಗುಂಪಿನವರ ನಡುವಿನ ಹೋಲಿಕೆ) 0.05 ಇದ್ದರೆ ಡಿಸೈನ್ ಎಫೆಕ್ಟ್ (ಸ್ಯಾಂಪಲ್ ಬೆಲೆ ಎಷ್ಟು ಪಟ್ಟು ಇಳೀತು ಅನ್ನೋದು) 1.95. ಕಾಗದದ ಮೇಲೆ 200, ತೂಕಕ್ಕೆ ಹಾಕಿದ್ರೆ ಸುಮಾರು 103.

ಇವೆಲ್ಲ ಅಂಕಿಅಂಶದವರು ಒಂದು ಗಂಟೆ ಕೂತರೆ ಸಿಗೋ ತಪ್ಪುಗಳು. ಯೋಜನೆಯಲ್ಲಿ ತಲಾ 40 ಗಂಟೆ ಸ್ಟ್ಯಾಟಿಸ್ಟಿಷಿಯನ್ ಸಮಯ ದುಡ್ಡು ಕೊಟ್ಟು ಬರೆದಿಡಿ. "ಬೇಕಾದಾಗ ಕೇಳಿ" ಅಂದ್ರೆ ಯಾರೂ ಕೇಳಲ್ಲ.

ಧಾರವಾಡ_ಪೇಡೆ
ಡೇಟಾ ಎಲ್ಲಾ ಛಲೋ ಅದ, ರೊಕ್ಕದ ಮಾತು ಯಾರೂ ಎತ್ತವಲ್ಲರಿ. ತುಂಗಾತೀರ ಅವರ, ಆ ಮೂವರು ಯಾವ ವೀಸಾದ ಮ್ಯಾಲೆ ಬರಾಕತ್ತಾರ? ಮೊದಲ ಅದನ್ನ ಹೇಳ್ರಿ.

ತುಂಗಾತೀರ
ಒಬ್ಬ ಪೋಸ್ಟ್‌ಡಾಕ್ ಅಮೆರಿಕದ ಪ್ರಜೆ, ಟೆಕ್ಸಸ್‌ನವರು. ಇನ್ನೊಬ್ಬರು ಭಾರತದಿಂದ ಜೆ-1 (ವಿನಿಮಯ ವೀಸಾ). ವೈದ್ಯೆ ಎಚ್-1ಬಿ (ಉದ್ಯೋಗ ವೀಸಾ).

ಧಾರವಾಡ_ಪೇಡೆ
ಹಂಗಾದ್ರ ಮೂರು ಮಂದಿಗೆ ಮೂರು ದಾರಿ, ಒಂದ ಕಾರ್ಯಾಗಾರ ಮಾಡಿದ್ರ ನಡಿಯಂಗಿಲ್ಲ.

ಎನ್‌ಐಎಚ್ (ಆರೋಗ್ಯ ಸಂಶೋಧನೆಗೆ ರೊಕ್ಕ ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ) ಹೊಸಬರಿಗೆ ಕೊಡೋ ಗ್ರ್ಯಾಂಟ್ ಕೆ01, ಕೆ23, ಎಫ್32 ಇವಕ್ಕ ಪ್ರಜೆ ಇಲ್ಲಾ ಗ್ರೀನ್ ಕಾರ್ಡ್ ಬೇಕ. ವೈದ್ಯೆ ಕೆ23 ಬರೀತೀನಿ ಅಂತ ಆರು ತಿಂಗಳು ಕುಂತು ಕಡೀಕ ಅರ್ಹತೆ ಇಲ್ಲ ಅಂತ ಗೊತ್ತಾದ್ರ ಯಾರ ಹಣೆಬರಹ? ವೀಸಾದವರಿಗೆ ತೆರೆದಿರೋ ದೊಡ್ಡ ಬಾಗಿಲು ಕೆ99. ಎರಡು ವರ್ಷ ಮೆಂಟರ್ ಕೈಕೆಳಗ, ಆಮ್ಯಾಲೆ ಸ್ವಂತ ನೌಕರಿ ಸಿಕ್ಕರ ಅದರ ಎರಡನೇ ಹಂತ ಆರ್00, ವರ್ಷಕ್ಕ 2,49,000 ಡಾಲರ್ ತನಕ, ಮೂರು ವರ್ಷ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನೂ ವೀಸಾದವರ ಅರ್ಜಿ ತಗೋತದ.

ಕೆ99ದಾಗ ಸಿಕ್ಕಿಬೀಳೂದು ಇಲ್ಲಿ: ಪೋಸ್ಟ್‌ಡಾಕ್ ಅನುಭವ ನಾಕು ವರ್ಷ ದಾಟಿರಬಾರದು. ಇದು ಮೊದಲ ಅರ್ಜಿಗೆ ಅಷ್ಟ ಅಲ್ಲ, ಮರು ಅರ್ಜಿಗೂ ಅನ್ವಯ ಆಗ್ತದ. ಭಾಳ ಮಂದಿ ಮೂರೂವರಿ ವರ್ಷಕ್ಕ ಮೊದಲ ಸಲ ಹಾಕ್ತಾರ, ಅಂಕ ಸ್ವಲ್ಪದಾಗ ತಪ್ತದ, ತಿದ್ದಿ ಹಾಕೂದ್ರಾಗ ಗಡಿಯಾರ ಮುಗೀತು. ಹೊಸ ಅರ್ಜಿ ದಿನಾ ಫೆಬ್ರುವರಿ, ಜೂನ್, ಅಕ್ಟೋಬರ್ 12. ವಿಮರ್ಶೆ ಬರಾಕ ನಾಕೈದು ತಿಂಗಳು, ತಿದ್ದಾಕ ಮತ್ತ ಮೂರ್ನಾಕು. ಹಿಂದಕ್ಕ ಎಣಿಸಿದ್ರ ಮೂರು ವರ್ಷದೊಳಗ ಮೊದಲ ಅರ್ಜಿ ಹೋಗಬೇಕ. ಬೇರೆ ಕಡೆ ಪೋಸ್ಟ್‌ಡಾಕ್ ಮಾಡಿದ್ದೂ ಲೆಕ್ಕಕ್ಕ ಬರ್ತದ, ಬಂದ ದಿನಾನ ಕೂಡಿಸಿ ನೋಡ್ರಿ.

ಟೆಕ್ಸಸ್‌ನವರಿಗೆ ಕೆ01 ಜತೀಗೆ ಸಾಲ ತೀರಿಸೋ ಯೋಜನೆನೂ ಅದ, ಆರೋಗ್ಯ ಅಸಮಾನತೆ ಅದರಾಗ ಒಂದು ವಿಭಾಗ. ವರ್ಷಕ್ಕ 50,000 ಡಾಲರ್ ತನಕ ಓದಿನ ಸಾಲ ತೀರಿಸ್ತಾರ, ಎರಡು ವರ್ಷದ ಕರಾರು, ವಾರಕ್ಕ ಕಡಿಮಿ ಅಂದ್ರ 20 ತಾಸು ಸಂಶೋಧನೆ. ಇದನ್ನ ಕೇಳೂದ ಮರೀತಾರ.

ಮೈಸೂರ್‌ಪಾಕ್
ಜೆ-1 ಅವರಿಗೆ ಎರಡು ವರ್ಷ ಊರಿಗೆ ವಾಪಸ್ ಹೋಗೋ ನಿಬಂಧನೆ ಇರುತ್ತಲ್ವಾ? ಆರ್00 ಹೇಗೆ?

ಧಾರವಾಡ_ಪೇಡೆ
2024ರ ಡಿಸೆಂಬರ್‌ದಾಗ ಕೌಶಲ ಪಟ್ಟಿ (ಯಾವ ದೇಶದ ಜೆ-1ದವರು ವಾಪಸ್ ಹೋಗಬೇಕು ಅನ್ನೋ ಪಟ್ಟಿ) ಬದಲಾತು, ಭಾರತ ಅದರಿಂದ ಹೊರಗ ಬಂತು. ಪಟ್ಟಿ ಕಾರಣಕ್ಕ ಹತ್ತೋ ನಿಬಂಧನೆ ಈಗ ಭಾರತದವರಿಗಿಲ್ಲ. ಸರ್ಕಾರದ ನೇರ ರೊಕ್ಕದ ಮ್ಯಾಲೆ ಬಂದವರಿಗೆ, ವೈದ್ಯಕೀಯ ರೆಸಿಡೆನ್ಸಿಗೆ ಬಂದವರಿಗೆ ಹಂಗ ಅದ. ವೀಸಾ ಕಾಗದ ನೋಡಿ ಅಂತಾರಾಷ್ಟ್ರೀಯ ಕಚೇರಿಯವರನ್ನ ಕೇಳೂದು ಚೊಲೊ.

ಸಂಶಯಪಿಶಾಚಿ
ಎಲ್ಲರೂ ಎನ್‌ಐಎಚ್ ಜಪ ಮಾಡ್ತಿದ್ದೀರಿ. 2025ರಲ್ಲಿ ಅಸಮಾನತೆ ವಿಷಯದ ಎಷ್ಟೋ ಗ್ರ್ಯಾಂಟ್‌ಗಳನ್ನ ನಡುವಲ್ಲೇ ಕತ್ತರಿಸಿದ್ರು, ಕೋರ್ಟಿಗೂ ಹೋಯ್ತು. ಹೊಸಬರನ್ನ ಈ ದೋಣಿಗೆ ಹತ್ತಿಸೋದೇ ತಪ್ಪಲ್ವಾ?

ಹೇಮಾವತಿ
ದೋಣಿ ಬೇಡ ಅನ್ನೋದಕ್ಕಿಂತ ಹುಟ್ಟು ಎರಡು ಕೊಡಿ ಅನ್ನೋದು ಸರಿ. ಗ್ರ್ಯಾಂಟ್ ನಿಂತರೆ ಆರು ತಿಂಗಳ ಸಂಬಳ ವಿಭಾಗ ಕೊಡುತ್ತೆ ಅಂತ ನೇಮಕಾತಿ ಪತ್ರದಲ್ಲೇ ಬರೀಬೇಕು. "ನೋಡೋಣ" ಅನ್ನೋದು ಬೆಂಬಲ ಅಲ್ಲ. ಎರಡನೇ ಹುಟ್ಟು, ಪ್ರಶ್ನೆಯನ್ನ ಕಾಯಿಲೆಯ ಕಾರಣಕ್ಕೆ ಕಟ್ಟೋದು. ಉದಾಹರಣೆಗೆ ಫ್ಯಾಟಿ ಲಿವರ್. ಪಿಎನ್‌ಪಿಎಲ್‌ಎ3 ಜೀನಿನ ಒಂದು ರೂಪ ಲಿವರ್‌ನಲ್ಲಿ ಕೊಬ್ಬು ಕೂರಿಸುತ್ತೆ. 2008ರ ಡಲ್ಲಾಸ್ ಅಧ್ಯಯನದಲ್ಲಿ ಹಿಸ್ಪ್ಯಾನಿಕ್‌ರಲ್ಲಿ ಅದರ ಆವರ್ತನ 0.49, ಯುರೋಪ್ ಮೂಲದವರಲ್ಲಿ 0.23, ಆಫ್ರಿಕನ್ ಅಮೆರಿಕನ್ನರಲ್ಲಿ 0.17. ಇದು ಸ್ಥಳೀಯ ಅಮೆರಿಕನ್ ವಂಶದ ಪಾಲಿನ ಜೊತೆ ಏರೋದ್ರಿಂದ ಮೆಕ್ಸಿಕನ್ನರಲ್ಲೂ ಕೆರಿಬಿಯನ್ನರಲ್ಲೂ ಒಂದೇ ಇರಲ್ಲ. ಕಿಡ್ನಿಗೆ ಬಂದ್ರೆ ಎಪಿಒಎಲ್1 ಅಪಾಯದ ರೂಪಗಳು ಆಫ್ರಿಕನ್ ವಂಶದಿಂದ ಬಂದವು, ಆದ್ದರಿಂದ ಡೊಮಿನಿಕನ್, ಪೋರ್ಟೊ ರಿಕನ್ ಜನರಲ್ಲಿ ಹುಡುಕಬೇಕು.

ಆದರೆ "ಲ್ಯಾಟಿನೊ ಜೀನ್" ಅಂತ ಬರೆದ ಕೂಡಲೇ ಕೆಂಪು ಶಾಯಿ ಹಾಕಿ. ಜೀನ್ ಇದ್ದರೂ ಕಾಯಿಲೆ ಗಟ್ಟಿಯಾಗೋದು ತೂಕ, ಊಟ, ಕೆಲಸ, ವಿಮೆ ಇಲ್ಲದಿರೋದು ಎಲ್ಲ ಸೇರಿ. ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆ ಸರಾಸರಿ ತೋರಿಸೋ ರಕ್ತಪರೀಕ್ಷೆ) ಒಂದನ್ನೇ ನಂಬೋದೂ ಬೇಡ, ಕಬ್ಬಿಣಾಂಶ ಕಡಿಮೆ ಇರೋ ಹೆಂಗಸರಲ್ಲಿ ಅದು ಸುಳ್ಳೇ ಏರಬಹುದು. ಉಪವಾಸದ ಗ್ಲೂಕೋಸ್ ಜೊತೆಗಿರಲಿ.

ನೀಲಿಛತ್ರಿ
ಎಲ್ಲರೂ ಕಂಪ್ಯೂಟರ್ ಮುಂದೆ ಕೂತು ಮಾತಾಡ್ತಿದ್ದೀರಿ. ಫೀಲ್ಡಲ್ಲಿ ಏನಾಗುತ್ತೆ ಕೇಳಿ.

ಪ್ರಶ್ನಾವಳಿ "ಸ್ಪ್ಯಾನಿಷ್‌ಗೆ ಅನುವಾದ ಆಗಿದೆ" ಅಂದ್ರೆ ಮುಗೀತು ಅಂದ್ಕೋತಾರೆ. ಯಾವ ಸ್ಪ್ಯಾನಿಷ್? ಕಿತ್ತಳೆ ಹಣ್ಣಿಗೆ ಮೆಕ್ಸಿಕನ್ನರು ನರಾಂಖಾ ಅಂತಾರೆ, ಪೋರ್ಟೊ ರಿಕೊದಲ್ಲಿ ಚೀನಾ. ಮೆಕ್ಸಿಕೊದಲ್ಲಿ ಪ್ಲಾತನೊ ಅಂದ್ರೆ ಬಾಳೆಹಣ್ಣೂ ಆಗುತ್ತೆ, ಡೊಮಿನಿಕನ್‌ಗೆ ಅದು ಬೇಯಿಸೋ ಬಾಳೆಕಾಯಿ, ಹಣ್ಣಿಗೆ ಅವರು ಗಿನೇಓ ಅಂತಾರೆ. ಬೀನ್ಸ್ ಕಾಳು ಒಬ್ಬರಿಗೆ ಫ್ರಿಖೋಲೆಸ್, ಇನ್ನೊಬ್ಬರಿಗೆ ಹಬಿಚ್ವೇಲಸ್. ಆಹಾರದ ಪ್ರಶ್ನಾವಳಿಯಲ್ಲಿ ಇದೊಂದೇ ತಪ್ಪಿದ್ರೂ ಪೊಟ್ಯಾಸಿಯಂ, ನಾರಿನ ಲೆಕ್ಕ ಅಡ್ಡ ಹೋಗುತ್ತೆ. ಒಬ್ಬರು ಅನುವಾದಿಸಿ, ಇನ್ನೊಬ್ಬರು ನೋಡದೆ ವಾಪಸ್ ಇಂಗ್ಲಿಷಿಗೆ ತಂದು, ಆಮೇಲೆ ಪ್ರತಿ ಮೂಲದ ಎಂಟ್ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿ "ಇದರಿಂದ ನಿಮಗೆ ಏನು ಅರ್ಥ ಆಯ್ತು" ಅಂತ ಕೇಳಬೇಕು. ಹಿರಿಯರಿಗೆ ಊಸ್ತೇದ್, ಅಂದ್ರೆ ನಮ್ಮ "ನೀವು". ತೂ ಅಂತ ಶುರು ಮಾಡಿದ್ರೆ ಅಜ್ಜಿ ಬಾಗಿಲು ಹಾಕ್ಕೋತಾಳೆ.

"ಡಯಾಬಿಟಿಸ್ ಇದೆಯಾ" ಅಂದ್ರೆ ಇಲ್ಲ ಅಂತಾರೆ, "ಅಸೂಕಾರ್ ಇದೆಯಾ" ಅಂದ್ರೆ ಹೌದು. ನಮ್ಮಲ್ಲಿ "ಶುಗರ್ ಇದೆ" ಅನ್ನೋ ಥರಾನೇ. ಯಾಕೆ ಬಂತು ಅಂದ್ರೆ ಸೂಸ್ತೊ ಅಂತಾರೆ, ಗಾಬರಿಬಿದ್ದು ಬಂತು ಅಂತ. ಇದನ್ನ ಮೂಢನಂಬಿಕೆ ಅಂತ ಟಿಕ್ ಹಾಕಿ ಮುಂದೆ ಹೋಗಬೇಡಿ. ಅಪಘಾತ, ಸಾವು, ಗಡಿ ದಾಟಿದ ಕಥೆ ಅಲ್ಲೇ ಹೊರಗೆ ಬರೋದು. ಒತ್ತಡದ ಬಗ್ಗೆ ಬೇರೆ ಪ್ರಶ್ನಾವಳಿ ಕೊಡದೇ ಇದ್ದದ್ದು ಅಲ್ಲಿ ಸಿಗುತ್ತೆ.

ಪೌರತ್ವ, ವಲಸೆ ಕಾಗದದ ಬಗ್ಗೆ ಕೇಳಲೇಬೇಡಿ. ಹುಟ್ಟಿದ ದೇಶ, ಬಂದ ವರ್ಷ ಸಾಕು. ಅವರಾಗೇ ಹೇಳಿದ್ರೂ ಟಿಪ್ಪಣಿಯಲ್ಲಿ ಬರೀಬಾರದು. ಎನ್‌ಐಎಚ್ ಹಣದ ಅಧ್ಯಯನಗಳಿಗೆ 2017ರ ಅಕ್ಟೋಬರ್‌ನಿಂದ ಗೋಪ್ಯತಾ ಪ್ರಮಾಣಪತ್ರ ತಾನಾಗೇ ಬರುತ್ತೆ, ಆದರೆ ಬರೆದಿಡದ ಮಾಹಿತಿಗಿಂತ ದೊಡ್ಡ ರಕ್ಷಣೆ ಇಲ್ಲ.

ತುಂಗಾತೀರ
ಇದು ಬೇಕಾಗಿತ್ತು. 25,000ವನ್ನ ಹೇಗೆ ಹಂಚಬೇಕು ಹೇಳ್ತೀರಾ?

ನೀಲಿಛತ್ರಿ
ಒಂದು ಅಂದಾಜು, 60 ಜನ, ಎರಡು ಭೇಟಿ. ಪ್ರೊಮೊತೋರಾ, ಅಂದ್ರೆ ಆ ಸಮುದಾಯದ್ದೇ ಆರೋಗ್ಯ ಕಾರ್ಯಕರ್ತೆ, ವಾರಕ್ಕೆ 10 ಗಂಟೆ, 40 ವಾರ, ಗಂಟೆಗೆ 25 ಡಾಲರ್: 10,000. ಭಾಗವಹಿಸಿದವರಿಗೆ ಭೇಟಿಗೆ 40ರಂತೆ 4,800. ರಕ್ತಪರೀಕ್ಷೆ 15ರಂತೆ 1,800. ಅನುವಾದ 2,500. ಓಡಾಟ 1,500. ಅಂಕಿಸಂಕಿ ಹೇಳಿದ 40 ಗಂಟೆಗೆ 110ರಂತೆ 4,400. ಸರಿಯಾಗಿ 25,000.

ಸಂಶಯಪಿಶಾಚಿ
ಫ್ರಿಂಜ್ (ಸಂಬಳದ ಮೇಲೆ ಸೇರೋ ವಿಮೆ, ಪಿಂಚಣಿಯಂಥ ಖರ್ಚು) ಎಲ್ಲಿ? ಆಕೆ ಪೇರೋಲ್‌ನಲ್ಲಿದ್ರೆ ಸಂಬಳದ ಮೇಲೆ ವಿಶ್ವವಿದ್ಯಾಲಯ ಕಾಲು ಭಾಗ ಎಳೆಯಬಹುದು. ನಿಮ್ಮ ಬಜೆಟ್ ಮೊದಲ ದಿನವೇ 2,500 ಸಾಲದಲ್ಲಿದೆ.

ನೀಲಿಛತ್ರಿ
ಒಪ್ಪಿದೆ, ಬಿಟ್ಟುಹೋಯ್ತು. ವಾರಕ್ಕೆ 8 ಗಂಟೆ ಮಾಡಿ: 8,000, ಮೇಲೆ ಶೇ 25 ಅಂದ್ರೆ ಮತ್ತೆ 10,000. ಅವರ ಸಂಬಳ ಮಾತ್ರ ಗಂಟೆಗೆ 25ರಿಂದ ಇಳಿಸಬೇಡಿ. "ಸ್ವಯಂಸೇವೆ" ಅಂತ ಅವರನ್ನ ಪುಕ್ಕಟೆ ದುಡಿಸೋ ಅಧ್ಯಯನದಲ್ಲಿ ಎರಡನೇ ಭೇಟಿಗೆ ಅರ್ಧ ಜನ ಬರಲ್ಲ, ಜನರನ್ನ ಹಿಡಿದಿಡೋದು ಆಕೆಯ ಮುಖ.

ಇನ್ನೊಂದು. ಪಾವತಿಗೆ ಹಣಕಾಸು ಕಚೇರಿ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳಿದ್ರೆ ಕಥೆ ಮುಗೀತು. ಸಣ್ಣ ಮೊತ್ತದ ಗಿಫ್ಟ್ ಕಾರ್ಡ್, ನಂಬರ್ ಇಲ್ಲದ ರಸೀದಿಗೆ ಅನುಮತಿ ಐಆರ್‌ಬಿ ಜೊತೆಗೇ ತಗೊಳ್ಳಿ. ಇದು ಮೆಂಟರ್ ಫೋನ್ ಮಾಡಿದ್ರೆ ಒಂದು ವಾರ, ಪೋಸ್ಟ್‌ಡಾಕ್ ಮಾಡಿದ್ರೆ ಮೂರು ತಿಂಗಳು.

ಜನ ಸಿಗೋ ಜಾಗ: ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚ್, ಮತ್ತೆ ಮೆಕ್ಸಿಕನ್ ಕಾನ್ಸುಲೇಟ್‌ಗಳ ಒಳಗಿರೋ ವೆಂತನಿಯಾ ದೆ ಸಲೂದ್ ಅನ್ನೋ ಆರೋಗ್ಯ ಕಿಟಕಿ.

ಕಡಲಮಗ
ಆಸ್ಪತ್ರೆ ದಾಖಲೆಯಿಂದ ಅಡ್ಡಹೆಸರು (ಸರ್‌ನೇಮ್) ನೋಡಿ ಹಿಸ್ಪ್ಯಾನಿಕ್ ಅಂತ ಗುರುತಿಸುವ ಪದ್ಧತಿ ಉಂಟಲ್ಲ, ಅಡ್ಡಹೆಸರು ಮತ್ತೆ ವಿಳಾಸ ಸೇರಿಸಿ ಸಂಭವ ಲೆಕ್ಕ ಹಾಕುವುದು. ಅದರಲ್ಲಿ ನಮ್ಮ ಮಂಗಳೂರಿನ ಪಿಂಟೊ, ಲೋಬೊ, ಪಿರೇರಾ ಎಲ್ಲ ಸಿಕ್ಕಿ ಬೀಳುವ ಚಾನ್ಸ್ ಉಂಟು ಮಾರಾಯ್ರೆ 😂 ಫಿಲಿಪೀನ್ಸ್‌ನವರದ್ದೂ ಅದೇ ಗತಿ.

ಅಂಕಿಸಂಕಿ
ನಗುವ ವಿಷಯ ಅಲ್ಲ. ಬೇ ಏರಿಯಾ, ಶಿಕಾಗೊದ ದಾಖಲೆಗಳಲ್ಲಿ ಫಿಲಿಪಿನೊ ತಪ್ಪು ನಿಜಕ್ಕೂ ದೊಡ್ಡದು. ಮದುವೆ ಆಗಿ ಹೆಸರು ಬದಲಿಸಿದ ಹೆಂಗಸರು ಆಚೆ ಕಡೆ ತಪ್ಪಿಹೋಗ್ತಾರೆ. 200 ದಾಖಲೆ ತೆಗೆದು, ಜನ ತಾವೇ ಹೇಳಿಕೊಂಡ ಮೂಲದ ಜೊತೆ ತಾಳೆ ನೋಡದೆ ಈ ಪದ್ಧತಿ ಬಳಸಬಾರದು.

ಬೆಂದಕಾಳು
ನಮ್ಮವರಲ್ಲೇ ಶುಗರ್ ಮನೆಮನೆಗೂ ಇದೆ. ನಮ್ಮವರ ಮೇಲೆ ಸಂಶೋಧನೆ ಮಾಡೋದು ಬಿಟ್ಟು ಲ್ಯಾಟಿನೊ ಯಾಕೆ?

ಹೇಮಾವತಿ
ಅದೂ ನಡೀತಿದೆ. ಮಸಾಲಾ ಅಂತ ಅಧ್ಯಯನ, ಶುರುವಾದಾಗ ಬೇ ಏರಿಯಾ ಮತ್ತು ಶಿಕಾಗೊದ 906 ದಕ್ಷಿಣ ಏಷ್ಯನ್ನರು. ಅದರ ಅಳತೆ ಕ್ರಮ ಮೆಸಾ ಅನ್ನೋ ಹಲವು ಜನಾಂಗಗಳ ಹೃದಯರೋಗ ಅಧ್ಯಯನದಿಂದ ಬಂದದ್ದು. ಮೆಸಾದ 6,814 ಜನರಲ್ಲಿ ಶೇ 22 ಹಿಸ್ಪ್ಯಾನಿಕ್. ಅಂದ್ರೆ ಮೆಸಾದ ಜೊತೆ ಹೋಲಿಸೋಕೆ ಆಗುತ್ತೆ. "ಏಷ್ಯನ್" ಅಂತ ಚೀನಾ, ಕೊರಿಯಾ ಜೊತೆ ನಮ್ಮನ್ನ ಸೇರಿಸಿದಾಗ ಕೋಪ ಬರುತ್ತಲ್ಲ? ಮೇಲೆ ಅಂಕಿಸಂಕಿ ಹೇಳಿದ ಡಬ್ಬದ ಮಾತು ಅದೇ.

ಮೈಸೂರ್‌ಪಾಕ್
ಬಡತನ ಹೆಚ್ಚು, ವಿಮೆ ಕಡಿಮೆ, ಆದ್ರೂ ಹಿಸ್ಪ್ಯಾನಿಕ್‌ರ ಆಯುಷ್ಯ ಹೆಚ್ಚು ಅಂತಾರಲ್ಲ, ಆ ವಿರೋಧಾಭಾಸ ಪೀಠಿಕೆಯಲ್ಲಿ ಬರೀಬೇಕಾ?

ಹೇಮಾವತಿ
ಅಲಂಕಾರಕ್ಕೆ ಬೇಡ. 1986ರಲ್ಲಿ ಮಾರ್ಕಿಡೀಸ್ ಮತ್ತು ಕೊರೀಲ್ ಎತ್ತಿದ ಮಾತು ಅದು, ಸಾವಿನ ಲೆಕ್ಕದ್ದು. ಸಕ್ಕರೆ ಕಾಯಿಲೆಗೆ ಅನ್ವಯಿಸಲ್ಲ. ಬರೆಯೋದಾದ್ರೆ ಕಾರಣಗಳ ಜಗಳವನ್ನೂ ಬರೀಲಿ. ಕಾಯಿಲೆ ಬಿದ್ದವರು ತಾಯ್ನಾಡಿಗೆ ಮರಳಿ ಸಾಯ್ತಾರೆ, ಹಾಗಾಗಿ ಇಲ್ಲಿನ ಲೆಕ್ಕದಲ್ಲಿ ಸಿಗಲ್ಲ ಅನ್ನೋ ಸಾಮನ್ ಮೀನಿನ ವಾದ ಇದೆ. 1999ರಲ್ಲಿ ಅದನ್ನ ಪರೀಕ್ಷಿಸಿದ ರೀತಿ ಚಂದ. ಕ್ಯೂಬನ್ನರು ಆಗ ವಾಪಸ್ ಹೋಗೋ ಹಾಗಿರಲಿಲ್ಲ, ಪೋರ್ಟೊ ರಿಕೊಗೆ ಹೋಗಿ ಸತ್ತರೂ ಅಮೆರಿಕದ ಲೆಕ್ಕಕ್ಕೇ ಬರುತ್ತೆ. ಇಬ್ಬರಲ್ಲೂ ಸಾವಿನ ದರ ಕಡಿಮೆಯೇ ಇತ್ತು. ಹಾಗಾಗಿ ಆ ಒಂದೇ ವಾದ ಸಾಲದು. ಕಡಿಮೆ ಧೂಮಪಾನಕ್ಕೆ ದೊಡ್ಡ ಪಾಲಿದೆ.

ಧಾರವಾಡ_ಪೇಡೆ
ನೀಲಿಛತ್ರಿ ಅವರ, ಅವರ ತೋರ್ತಿಯಾ ನಮ್ಮ ರೊಟ್ಟಿ ಹಂಗ ಏನ್ರಿ?

ನೀಲಿಛತ್ರಿ
ಮೆಕ್ಕೆಜೋಳವನ್ನ ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ ರುಬ್ಬಿದ ಹಿಟ್ಟಿಂದು. ಆ ಸುಣ್ಣದಿಂದ ಕ್ಯಾಲ್ಸಿಯಂ ಏರುತ್ತೆ, ಪ್ರಶ್ನಾವಳಿಯಲ್ಲಿ ಮೆಕ್ಕೆಜೋಳದ್ದು, ಮೈದಾದ್ದು ಬೇರೆ ಬೇರೆ ಸಾಲಲ್ಲಿ ಇರಬೇಕು. ಇದಕ್ಕೂ ಸ್ಪೇನ್‌ನವರ ತೋರ್ತಿಯಾಕ್ಕೂ ಸಂಬಂಧ ಇಲ್ಲ, ಅದು ಆಮ್ಲೆಟ್.

ತುಂಗಾತೀರ
ಕರಡು ತಿದ್ದಿದೆ. ಬರೋಕೆ ಎರಡು ತಿಂಗಳು ಮುಂಚೆ ಡೇಟಾ ಅರ್ಜಿ. ಬಂದ ವಾರ ವೀಸಾ ಮತ್ತು ಪೋಸ್ಟ್‌ಡಾಕ್ ವರ್ಷಗಳ ಲೆಕ್ಕ ಹಾಕಿ ಗ್ರ್ಯಾಂಟ್ ತಾರೀಖು ಬರೆದಿಡೋದು. 40 ಗಂಟೆ ಸ್ಟ್ಯಾಟಿಸ್ಟಿಷಿಯನ್. ಪ್ರೊಮೊತೋರಾ ಸಂಬಳ. ಆರು ತಿಂಗಳ ಸೇತುವೆ ಸಂಬಳ (ಡೀನ್ ಮುಖ ಹುಳ್ಳಗಾಗುತ್ತೆ, ನೋಡೋಣ). ಸೆಮಿನಾರ್ ಮೂರು ತಿಂಗಳಿಗೊಂದು.

ಧಾರವಾಡ_ಪೇಡೆ
ಎರಡು ಬಿಟ್ಟೀರಿ. ಕೆ ಅರ್ಜಿಗೆ ಕನಿಷ್ಠ ಮೂರು ಶಿಫಾರಸು ಪತ್ರ ಬೇಕ, ಮೆಂಟರ್ ಬರದದ್ದು ನಡಿಯಂಗಿಲ್ಲ. ಹೊರಗಿನ ಮೂವರಿಗೆ ಇವರ ಕೆಲಸ ಗೊತ್ತಿರಬೇಕಂದ್ರ ಸಮ್ಮೇಳನದ ರೊಕ್ಕ ಅದಕ್ಕ ಖರ್ಚು ಮಾಡ್ರಿ, ಯಾರನ್ನ ಭೆಟ್ಟಿ ಆಗಬೇಕು ಅಂತ ಹೆಸರು ಬರದು ಕಳಸ್ರಿ. ಇನ್ನ ಕೆ ಸಿಕ್ಕಿತಂದ್ರ ಶೇ 75 ಸಮಯ ಸಂಶೋಧನೆಗೆ ಮೀಸಲು. ವೈದ್ಯೆ ಮುಂದ ಗ್ರೀನ್ ಕಾರ್ಡ್ ಬಂದು ಕೆ23 ಹಾಕಿದ್ರ ವಾರಕ್ಕ ಒಂದು ದಿನಕ್ಕಿಂತ ಹೆಚ್ಚು ಕ್ಲಿನಿಕ್ ನೋಡಾಕ ಆಗಂಗಿಲ್ಲ. ಕ್ಲಿನಿಕ್ ಮುಖ್ಯಸ್ಥರು ಇದನ್ನ ಈಗ ಒಪ್ಪಿ ಸಹಿ ಮಾಡ್ಲಿ.

ತುಂಗಾತೀರ
ಕ್ಲಿನಿಕ್‌ನವರು ಈಗಾಗಲೇ ವಾರಕ್ಕೆ ಮೂರು ದಿನ ಹಾಕಿದ್ದಾರೆ.

ಧಾರವಾಡ_ಪೇಡೆ
ಹಂಗಾದ್ರ ಉಳಿದದ್ದೆಲ್ಲಾ ಬಿಟ್ಟು ನಾಳೆ ಮುಂಜಾನೆ ಆ ಸಹಿ ಹಿಂದ ಹೋಗ್ರಿ.